ಎಡಗಡೆಯ ಒಳಜೇಬು

"ಎಡಗಡೆ ಒಳಜೇಬು ಒಂದು!"

ಪರದೆಯ ಆಚೆಯಿಂದ ಮಾಸ್ಟರ್ ಕೂಗಿದ್ದೇ ತಡ, ಒಳಗಿನ ಮೆಷಿನ್ನುಗಳು ಒಂದರ ಹಿಂದೊಂದು ನಿಂತವು. ಎದೆ, ಸೊಂಟ, ತೋಳು, ಬೆನ್ನಗಲ ಎಂದು ಅವನು ಇಷ್ಟು ಹೊತ್ತು ಕೂಗುತ್ತಿದ್ದ ಅಳತೆಗೆ ಯಾರೂ ತಲೆ ಎತ್ತಿರಲಿಲ್ಲ. ಈಗ ಕಾಜಾ ಹೊಲಿಯುವ ಚಿಕ್ಕಮ್ಮ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಕನ್ನಡಕ ಮೇಲೇರಿಸಿದಳು. ಇಸ್ತ್ರಿ ಭಾವ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಪರದೆಯ ಸಂದಿಗೆ ಕಣ್ಣಿಟ್ಟು ನೋಡಿ ಬಂದ.

"ಯಾರು?" ಎಂದಳು ಒಳಜೇಬು ಹೊಲಿಯುವ ಜೇಬಕ್ಕ.

"ಹೇಳಿದ್ರೆ ನಂಬಲ್ಲ ನೀನು. ಡ್ರೈವರ್ ಮಾವ."

"ಸುಳ್ಳು ಹೇಳ್ಬೇಡ."

"ನನ್ನ ಇಸ್ತ್ರಿ ಪೆಟ್ಟಿಗೆ ಆಣೆ. ಬೇಕಾದ್ರೆ ನೀನೇ ಹೋಗಿ ನೋಡು, ಕೈ ಅಗಲಿಸ್ಕೊಂಡು ನಿಂತವ್ನೆ."

ಸ್ಟುಡಿಯೋಗಳ ಬೀದಿಯಲ್ಲಿ, ಮೇಕಪ್ ಸಾಮಾನಿನ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಹೊಲಿಗೆಯಂಗಡಿ ಕೋಟಿಗೇ ಹೆಸರಾದದ್ದು. ಸಿನಿಮಾ ಪ್ರಶಸ್ತಿಯ ಸಮಾರಂಭ ಹತ್ತಿರವಾದಾಗ ನಟರೆಲ್ಲ, ಗೆಲ್ಲುವವರೂ ಗೆಲ್ಲದವರೂ, ಅದರ ಕಡಿದಾದ ಮೆಟ್ಟಿಲು ಹತ್ತಿ ಬರುತ್ತಿದ್ದರು. ಯಾರು ಗೆಲ್ಲುತ್ತಾರೆಂದು ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತಿದ್ದವು. ಟಿವಿಯಲ್ಲಿ ನಾಲ್ಕು ಜನ ಕೂತು ಕಚ್ಚಾಡುತ್ತಿದ್ದರು. ಅಂಗಡಿಯ ಒಳಕೋಣೆಯಲ್ಲಿ ಮಾತ್ರ ಆ ಗೊಂದಲವಿರಲಿಲ್ಲ. ಅಲ್ಲಿ ಜೇಬು ಹೇಳಿದ್ದೇ ಕೊನೆಯ ಮಾತು.

ವೇದಿಕೆಯ ಮೇಲೆ ಲಕೋಟೆ ಹರಿದು ಹೆಸರು ಓದುತ್ತಾರೆ, ಕೇಳಿದವರು ಎದೆ ಮುಟ್ಟಿಕೊಂಡು ಅಚ್ಚರಿಪಡುತ್ತಾರೆ. ಲಕೋಟೆಯೂ ನಾಟಕ, ಅಚ್ಚರಿಯೂ ನಾಟಕ. ಗೆಲ್ಲುವ ದೊಡ್ಡವರ ಕಿವಿಗೆ ವಿಷಯವನ್ನು ಮೊದಲೇ ಹಾಕಿರುತ್ತಾರೆ. ಹಾಕದಿದ್ದರೆ ಅವರು ಬರುವುದೇ ಇಲ್ಲ. ಕಿವಿಗೆ ಬಿದ್ದವರು ಭಾಷಣ ಬರೆಸುತ್ತಾರೆ. ಭಾಷಣದ ಕಾಗದ ಮಡಚಿಡಲು, ಬಲಗೈಗೆ ಸುಲಭವಾಗಿ ಸಿಗುವ ಹಾಗೆ, ಎಡ ಎದೆಯ ಒಳಗೊಂದು ಜೇಬು ಬೇಕು. ಬರೀ ಕೂತು ಚಪ್ಪಾಳೆ ತಟ್ಟಿ ಬರುವವರಿಗೆ ಅದರ ಹಂಗಿಲ್ಲ. ಎದೆಯ ಹತ್ತಿರ ಬಟ್ಟೆ ಉಬ್ಬುತ್ತದೆ, ಫಿಟ್ಟಿಂಗ್ ಕೆಡುತ್ತದೆ ಎಂದು ಅವರೇ ಬೇಡವೆನ್ನುತ್ತಾರೆ.

ಇದನ್ನು ಕಂಡುಹಿಡಿದವಳು ಜೇಬಕ್ಕ. ಕೋಟು ಎಂದರೆ ಲೋಕ ನೋಡುವುದು ಭುಜವನ್ನು, ಕಾಲರನ್ನು, ಗುಂಡಿಯನ್ನು. ಭುಜ ಕೂರಿಸುವವನು ಮಾಸ್ಟರ್ ಎನಿಸಿಕೊಳ್ಳುತ್ತಾನೆ. ಒಳಜೇಬು ಹೊಲಿಯುವವಳನ್ನು ಯಾರು ಕೇಳುತ್ತಾರೆ? ಅವಳ ಕೆಲಸವೇ ಕಾಣದಿರುವುದು. ಕಂಡರೆ ಅದು ಕೆಟ್ಟ ಕೆಲಸ. ಹೀಗೆ ಕಾಣದಂತೆ ಕೂತು ಹೊಲಿಯುತ್ತಲೇ ಅವಳು ಒಂದು ವರ್ಷ ಗೆಲ್ಲುವವರ ಹೆಸರುಗಳನ್ನು ಸುಮ್ಮನೆ ಹೇಳಿದ್ದಳು. ಎಲ್ಲವೂ ನಿಜವಾದವು. ಮರುವರ್ಷವೂ ನಿಜವಾದವು. ಆಮೇಲೆ ಸೆಟ್ಟುಗಳಲ್ಲಿ ಮಾತು ಹಬ್ಬಿತು. ಪತ್ರಿಕೆಯವರು ಮೆಟ್ಟಿಲ ಬುಡದಲ್ಲಿ ಕಾದು ನಿಂತು "ಅಕ್ಕಾ, ಈ ಸಲ ಯಾರು?" ಎಂದು ಹಲ್ಲು ಗಿಂಜತೊಡಗಿದರು. ಮಾಸ್ಟರ್ ಕೂಡ ಆ ಒಂದು ತಿಂಗಳು ಅವಳಿಗೆ ಬೈಯುತ್ತಿರಲಿಲ್ಲ. ಭವಿಷ್ಯ ತಪ್ಪಿದವರು ತಿಂಗಳಿಡೀ ಅಂಗಡಿಯ ದಾರದ ಕಸ ಗುಡಿಸಬೇಕೆಂಬುದು ಒಳಕೋಣೆಯ ಪಂದ್ಯ. ಜೇಬಕ್ಕ ಪೊರಕೆ ಮುಟ್ಟಿ ವರ್ಷಗಳಾಗಿದ್ದವು.

"ಪೋಷಕ ನಟ ಈ ಸಲ ಚಿಕ್ಕ ಧಣಿಗೇ ಅಂತ ಎಲ್ರೂ ಹೇಳ್ತಾವ್ರೆ," ಎಂದ ಇಸ್ತ್ರಿ ಭಾವ. ಚಿಕ್ಕ ಧಣಿ ಎಂದರೆ ಬೀದಿಯ ಅರ್ಧ ಸ್ಟುಡಿಯೋಗಳ ಒಡೆಯನಾದ ನಿರ್ಮಾಪಕನ ಮಗ. ನಾಯಕನಾಗಿ ಮೂರು ಚಿತ್ರ ಮುಳುಗಿಸಿದ ಮೇಲೆ ಅಪ್ಪ ಅವನನ್ನು ಈ ಸಾಲಿಗೆ ತಳ್ಳಿದ್ದ.

"ಅವನ ಕೋಟಿನ ಒಳಬಟ್ಟೆ ಹೊಲಿದೋಳು ನಾನೇ," ಎಂದಳು ಜೇಬಕ್ಕ. "ಅವನ ಮ್ಯಾನೇಜರ್ರು ಫೋನಲ್ಲಿ ಏನಂದ ಕೇಳಿಸ್ಕೊಂಡ್ಯಾ? ಒಂದೂ ಜೇಬು ಬೇಡ, ಮೈಗೆ ಬಣ್ಣ ಬಳಿದಂಗೆ ಇರ್ಬೇಕು ಅಂದ. ಭಾಷಣ ಎಲ್ಲಿಡ್ತಾನೆ, ಕಂಕುಳಲ್ಲಾ?"

ಕಾಜಾ ಚಿಕ್ಕಮ್ಮ ಕಿಸಕ್ಕನೆ ನಕ್ಕಳು. "ಹಂಗಾದ್ರೆ?"

"ಹಂಗಾದ್ರೆ ಡ್ರೈವರ್ ಮಾವ. ಬರ್ದಿಟ್ಕೋ."

ಹೇಳಿದ ಮೇಲೆ ಅವಳಿಗೇ ಮೈ ಜುಮ್ಮೆಂದಿತು. ಡ್ರೈವರ್ ಮಾವ ಈ ಬೀದಿಯಲ್ಲೇ ಹಣ್ಣಾದವನು. ಚಿತ್ರ ಯಾವುದೇ ಇರಲಿ, ಅವನು ಕಾರಿನ ಬಾಗಿಲು ತೆಗೆದು "ಗಾಡಿ ರೆಡಿ ಇದೆ ಸಾರ್" ಎನ್ನಬೇಕು, ಅಲ್ಲಿಗೆ ಅವನ ಪಾತ್ರ ಮುಗಿಯಿತು. ಈ ಸಲ ಯಾರೋ ಹೊಸ ಹುಡುಗಿ ತೆಗೆದ ಸಣ್ಣ ಚಿತ್ರವೊಂದರಲ್ಲಿ, ತನ್ನ ಹೆಂಡತಿ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದರೂ ಮಾಲೀಕನ ಗಾಡಿ ಬಿಟ್ಟೇಳಲಾಗದೆ, ಸ್ಟೀರಿಂಗ್ ಹಿಡಿದು ಕೂತ ಡ್ರೈವರನಾಗಿ ಅವನು ಬಾಯಿಬಿಡದೆ ಚಿತ್ರ ಪೂರ್ತಿ ತುಂಬಿದ್ದ. ಹೆಸರು ಪಟ್ಟಿಗೆ ಬಂದದ್ದೇ ದೊಡ್ಡದೆಂದು ಬೀದಿ ಮಾತಾಡಿಕೊಂಡಿತ್ತು. ಗೆಲ್ಲುವುದು? ನಮ್ಮಂಥವನೊಬ್ಬ ಗೆಲ್ಲುವುದು? ಜೇಬಕ್ಕ ಆ ಜೇಬಿಗೆಂದು ಡಬ್ಬದ ತಳದಲ್ಲಿಟ್ಟಿದ್ದ ಒಳ್ಳೆಯ ರೇಷ್ಮೆ ತುಂಡನ್ನು ಹುಡುಕಿ ತೆಗೆದಳು.

ಟ್ರಯಲ್ಲಿನ ದಿನ ಮಾವ ಬೇಗನೆ ಬಂದ. ಮೆಟ್ಟಿಲು ಹತ್ತಿದ ದಣಿವಿಗೆ ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟು ಹಿಡಿದು ನಿಂತ. ಕಚ್ಚಾ ಹೊಲಿಗೆಯ ಬಿಳಿ ದಾರಗಳು ಮೈತುಂಬ ಕಾಣುತ್ತಿದ್ದ ಕೋಟನ್ನು ಮಾಸ್ಟರ್ ತೊಡಿಸಿ, ಭುಜಕ್ಕೆ ಚಾಕಿನ ಗೆರೆ ಎಳೆದು, ಇನ್ನೊಬ್ಬ ಗಿರಾಕಿಯ ಫೋನು ಬಂತೆಂದು ಕೆಳಗಿಳಿದು ಹೋದ. ಜೇಬಿನ ಎತ್ತರ ನೋಡಬೇಕಾದವಳು ಜೇಬಕ್ಕ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕನ್ನಡಿಯ ಮುಂದೆ ಬಂದಳು.

"ಮಗಳು ಹಟ ಮಾಡಿ ಕಳಿಸಿದ್ಲು ತಾಯಿ," ಎಂದ ಮಾವ, ಕನ್ನಡಿಯಲ್ಲಿ ತನ್ನನ್ನು ತಾನೇ ಗುರುತಿಸಲಾಗದವನ ಹಾಗೆ. "ನನಗ್ಯಾಕೆ ಕೋಟು? ಸಿನಿಮಾದಲ್ಲಿ ಕೋಟಿನೋರಿಗೆ ಬಾಗಿಲು ತೆಗ್ದು ಗೊತ್ತೇ ಹೊರ್ತು..."

"ಇನ್ಮೇಲೆ ಅವರು ನಿಮಗೆ ತೆಗೀತಾರೆ ಬಿಡಿ." ಅವಳು ಪಿನ್ನುಗಳನ್ನು ಅಂಗೈಗೆ ಉಗಿದುಕೊಂಡು ದನಿ ತಗ್ಗಿಸಿದಳು. "ಕಂಗ್ರಾಜುಲೇಷನ್ಸ್ ಮಾವ."

"ಯಾಕಮ್ಮ?"

"ನಟನೆ ನಮ್ಮ ಹತ್ರ ಬೇಡ. ನಮಗೆಲ್ಲ ಗೊತ್ತಾಗಿದೆ. ಈ ಸಲ ನಿಮಗೇ."

ಮಾವ ಕಣ್ಣು ಪಿಳುಕಿಸಿದ. ಅವನ ಮುಖ ಖಾಲಿಯಾಗಿತ್ತು. ಹಳೆಯ ಕೈ, ಏನು ಅಭಿನಯ ಎಂದುಕೊಂಡು ಅವಳು ನಕ್ಕಳು.

"ನನಗ್ಯಾರೂ ಏನೂ ಹೇಳಿಲ್ವಲ್ಲಮ್ಮ."

"ಹೇಳ್ತಾರೆ, ಹೇಳ್ತಾರೆ. ಹೇಳದೇ ಇದ್ರೂ ನಾನು ಹೇಳ್ತಿದೀನಲ್ಲ. ನನ್ನ ಮಾತು ಯಾವತ್ತಾದ್ರೂ ಸುಳ್ಳಾಗಿದ್ಯಾ? ಕೇಳಿ ನಿಮ್ಮ ಸೆಟ್ಟಲ್ಲಿ."

"ಇಲ್ಲ," ಎಂದ ಮಾವ ನಿಧಾನವಾಗಿ. "ನಿನ್ನ ಮಾತು ತಪ್ಪಿದ್ದಿಲ್ಲ ಅಂತಾರೆ."

ಅಂಗಡಿಯ ಸ್ಟೂಲೊಂದನ್ನು ತಡಕಿ ಅವನು ಕೂತ. ಕೂತವನ ಮುಖದಲ್ಲಿ ಏನೋ ಒಳಗಿನಿಂದ ಮೇಲೇರಿ ಬರತೊಡಗಿತು. ಜೇಬಕ್ಕನಿಗೆ ತಾನೇ ಪ್ರಶಸ್ತಿ ಕೊಡುತ್ತಿರುವಷ್ಟು ಸಂಭ್ರಮ. ಕೋಟು ಗಿರಾಕಿಯ ಕೈಸೇರುವವರೆಗೆ ಜೇಬಿನ ಬಾಯಿ ಹೊಲಿದೇ ಇರಬೇಕು, ಇಲ್ಲದಿದ್ದರೆ ಜೋತುಬೀಳುತ್ತದೆ. ಅದು ಅಂಗಡಿಯ ಕಟ್ಟಳೆ. ಅವಳು ಕಟ್ಟಳೆ ಮುರಿದು, ಚಿಕ್ಕ ಕತ್ತರಿಯ ತುದಿಯಿಂದ ದಾರ ಕತ್ತರಿಸಿ ಜೇಬಿನ ಬಾಯಿ ಬಿಡಿಸಿದಳು. "ತಗೊಳ್ಳಿ. ಕಾಗದ ಇಟ್ಟು, ತೆಗೆದು, ಅಭ್ಯಾಸ ಮಾಡ್ಕೊಳ್ಳಿ. ಒಂದ್ಸಲ ನಮ್ಮ ಮುಂದೆ ಹೇಳಿ ನೋಡೋಣ. ಏಯ್ ಭಾವ, ಚಿಕ್ಕಮ್ಮ, ಬನ್ರೋ ಈಚೆಗೆ!"

ಅವರು ಬಂದು ಪರದೆ ಸರಿಸಿ ನಿಂತರು. ಮಾವ ಎದ್ದು ಕನ್ನಡಿಗೆ ಮುಖಮಾಡಿದ. ಮೊದಲು ನಕ್ಕ, ಕೈ ಆಡಿಸಿದ, ಬೇಡವೆಂದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಎಲ್ಲಾರಿಗೂ ನಮಸ್ಕಾರ. ಈ ಬೀದಿಗೆ ಬಂದಾಗಿಂದ ನಾನು ಹೇಳಿರೋದು ಒಂದೇ ಮಾತು. ಇವತ್ತು ಎರಡನೇ ಮಾತು ಹೇಳೋಕೆ ಬಿಟ್ಟಿದೀರಿ." ಕೋಟಿನ ಅಂಚನ್ನು ಎಳೆದು ನೆಟ್ಟಗೆ ಮಾಡಿದ. ಮತ್ತೆ ಮಾತಾಡಿದಾಗ ದನಿ ಬೇರೆಯಾಗಿತ್ತು. "ಕೋತಿ ಅಂತ ಒಬ್ಬ ಲೈಟಿನವನಿದ್ದ. ಮೇಲೆ ತೊಲೆಯಿಂದ ತೊಲೆಗೆ ಓಡಾಡ್ತಿದ್ದ, ಅದಕ್ಕೇ ಕೋತಿ. ಒಂದಿನ ಬಿದ್ದ. ನನ್ನದು ಬಾಗಿಲು ತೆಗೆಯೋ ಶಾಟು. ನನ್ನ ಪಕ್ಕಕ್ಕೇ ಬಂದು ಬಿದ್ದ. ನೆಲ ತೊಳೆದು, ಊಟ ಆದ್ಮೇಲೆ ಅದೇ ಶಾಟು ತೆಗೆದ್ರು. ನಾನೂ ಬಾಗಿಲು ತೆಗೆದೆ. ಗಾಡಿ ರೆಡಿ ಇದೆ ಸಾರ್ ಅಂದೆ. ಚೆನ್ನಾಗಿ ಬಂತು ಅಂದ್ರು. ಆ ಸಿನಿಮಾಕ್ಕೆ ಇದೇ ಪ್ರಶಸ್ತಿ ಬಂತು. ಇದೇ ವೇದಿಕೆ ಮೇಲೆ ಎಲ್ಲರ ಹೆಸರು ಹೇಳಿದ್ರು, ನಾಯಿಗೆ ತರಬೇತಿ ಕೊಟ್ಟೋನ ಹೆಸರೂ ಹೇಳಿದ್ರು. ಅವನ ಹೆಸರು ಹೇಳ್ಲಿಲ್ಲ. ಕೋತಿ ಅಂತ ಹೇಳಕ್ಕಾಗುತ್ತಾ? ಅಸಲಿ ಹೆಸರು ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ." ಕನ್ನಡಿಯಿಂದ ತಿರುಗಿ ಜೇಬಕ್ಕನನ್ನು ನೋಡಿದ. "ಅವನಕ್ಕ ಇನ್ನೂ ಬದುಕವ್ಳೆ ಅಂತಾರೆ. ಹುಡುಕ್ಕೊಂಡು ಹೋಗಿ ಕೇಳ್ಕೊಂಡು ಬರ್ತೀನಿ. ಆ ದಿನ ಹೇಳ್ತೀನಿ."

ಇಸ್ತ್ರಿ ಭಾವ ಚಪ್ಪಾಳೆ ತಟ್ಟಿದ. ಕಾಜಾ ಚಿಕ್ಕಮ್ಮ ಸೆರಗಿನಿಂದ ಮೂಗೊರೆಸಿಕೊಂಡು, ಕಣ್ಣು ಕಾಣಿಸಬಾರದೆಂದು ಬೇಗ ಒಳಗೆ ಹೋದಳು. ಭಾವನೂ ಹಿಂದೆಯೇ ಹೋದ. ಮಾತಿನ ಆಯಾಸಕ್ಕೆ ಮಾವನ ಎದೆಯಲ್ಲಿ ಸಿಳ್ಳೆಯೆದ್ದಿತ್ತು. ಅವನು ಪ್ಯಾಂಟಿನಿಂದ ದಮ್ಮಿನ ಪಂಪು ತೆಗೆದು ಬಾಯಿಗಿಟ್ಟು ಒತ್ತಿ, ಉಸಿರು ಹಿಡಿದು, ಬಿಟ್ಟ. ಆಮೇಲೆ ಅದನ್ನು ಹೊಸ ಕೋಟಿನ ಒಳಜೇಬಿಗೆ ಇಳಿಬಿಟ್ಟು ಮೇಲಿನಿಂದ ತಟ್ಟಿ ನೋಡಿದ.

"ಹಾಂ. ಸರಿಯಾಗಿ ಕೂರುತ್ತೆ. ಇದಕ್ಕೇ ಕೇಳಿದ್ದು ನಾನು. ಅಲ್ಲಿ ಧೂಪದ ಹೊಗೆ ಥರ ಏನೋ ಬಿಡ್ತಾರಂತೆ ವೇದಿಕೆ ಮೇಲೆ, ನನಗಾಗಲ್ಲ."

ಜೇಬಕ್ಕನ ಕೈಯಲ್ಲಿದ್ದ ಪಿನ್ನೊಂದು ಬೆರಳಿಗೆ ಚುಚ್ಚಿತು. ಅವಳು ಬೆರಳನ್ನು ಬಾಯಿಗಿಟ್ಟುಕೊಂಡಳು.

ಅವಳಿಗೆ ಅರ್ಥವಾಗಿತ್ತು. ಇಡೀ ಲೋಕದಲ್ಲಿ ಅದು ಅರ್ಥವಾಗಬಲ್ಲ ಒಬ್ಬಳೇ ಒಬ್ಬಳು ಅವಳು. ಮಾವ ಕೋಟು ಬಿಚ್ಚಿಕೊಟ್ಟ, ತನ್ನ ಸವೆದ ಅಂಗಿಯ ತೋಳು ಇಳಿಸಿಕೊಂಡ, ಬಾಗಿಲ ಬಳಿ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಂಡ. ಅಷ್ಟು ಹೊತ್ತೂ ಅವಳು ಬೆರಳು ಚೀಪುತ್ತ ನಿಂತಿದ್ದಳು. "ಮಾವ, ಒಂದ್ನಿಮಿಷ" ಎಂದರೆ ಸಾಕಿತ್ತು. ಒಳಗೆ ಭಾವ ಚಿಕ್ಕಮ್ಮನಿಗೆ ಹೇಳುತ್ತಿದ್ದ: "ನಮ್ಮ ಜೇಬಕ್ಕ ಅಂದ್ರೆ ಸುಮ್ನೆನಾ!" ಆ ಮಾತು ಪರದೆ ದಾಟಿ ಬಂದು ಅವಳ ಕಾಲು ಕಟ್ಟಿ ಹಾಕಿತು. ಯಾರಿಗೆ ಗೊತ್ತು, ನಿಜವಾಗಿಯೂ ಅವನಿಗೇ ಬರಬಹುದಲ್ಲ ಎಂದುಕೊಂಡಳು. ಮೆಟ್ಟಿಲ ಮೇಲೆ ಮಾವನ ಹೆಜ್ಜೆ ಹತ್ತಿದಾಗಿನಷ್ಟು ಭಾರವಾಗಿರಲಿಲ್ಲ. ಕೆಳಗೆ ಹೋಗುತ್ತ ಅವನು ಏನೋ ಗುನುಗುತ್ತಿದ್ದ.

ಸಮಾರಂಭದ ಸಂಜೆ ಮಾಸ್ಟರ್ ಶಟರನ್ನು ಅರ್ಧ ಎಳೆದು, ಬೀರುವಿನ ಮೇಲಿನ ಟಿವಿ ಹಾಕಿದ. ಪ್ರತಿ ವರ್ಷದ ಪದ್ಧತಿ ಅದು. ಬೇರೆಯವರು ಮುಖ ನೋಡಿದರೆ ಇವರು ಹೊಲಿಗೆ ನೋಡುತ್ತಾರೆ. "ಬಂತು ನೋಡ್ರೋ ನಮ್ಮ ನೀಲಿ ಕೋಟು!" "ಅಯ್ಯೋ, ಕೂತಾಗ ಗುಂಡಿ ಬಿಚ್ಬೇಕು ಅಂತ ಬಡ್ಕೊಂಡಿದ್ದೆ, ಕೇಳ್ದ್ನಾ ಪುಣ್ಯಾತ್ಮ?" ಕಾಜಾ ಚಿಕ್ಕಮ್ಮ ಚಹಾ ಹಂಚಿದಳು. ಜೇಬಕ್ಕ ಲೋಟ ಹಿಡಿದಳೇ ಹೊರತು ಕುಡಿಯಲಿಲ್ಲ.

ಒಂದೊಂದೇ ಪ್ರಶಸ್ತಿ ಹೋಗುತ್ತಿತ್ತು. ಗೆದ್ದವನೊಬ್ಬ ವೇದಿಕೆಗೆ ಬಂದು, ಜೇಬು ಮುಟ್ಟದೆ, ದೂರಕ್ಕೆ ಕಣ್ಣಿಟ್ಟು ತಡೆಯಿಲ್ಲದೆ ಹತ್ತಾರು ಹೆಸರು ಹೇಳಿದ. ಇಸ್ತ್ರಿ ಭಾವ ಟಿವಿಯ ಹತ್ತಿರ ಹೋದ. "ಏಯ್, ಕಾಗದಾನೇ ಇಲ್ಲ ಕಣ್ರೋ! ಎದುರುಗಡೆ ದೊಡ್ಡ ಪರದೆ ಮೇಲೆ ಭಾಷಣ ಓಡ್ತಾ ಇದೆ. ಅಲ್ನೋಡು, ಕಣ್ಣು ಹೆಂಗೆ ಆಕಡೆ ಈಕಡೆ ಆಡಿಸ್ತಾವ್ನೆ." ಅವನಿಗೆ ಅದು ತಮಾಷೆ. ಜೇಬಕ್ಕ ಚಹಾದ ಲೋಟವನ್ನು ನೆಲಕ್ಕಿಟ್ಟಳು.

ಪೋಷಕ ನಟರ ಸರದಿ ಬಂತು. ಪರದೆಯನ್ನು ನಾಲ್ಕು ಭಾಗ ಮಾಡಿ ನಾಲ್ಕು ಮುಖ ತೋರಿಸಿದರು. ಮೂವರು ಹೇಗೆ ಕೂರಬೇಕೋ ಹಾಗೆ, ತುಟಿಯಲ್ಲೊಂದು ಅಳತೆಯ ನಗು ಇಟ್ಟುಕೊಂಡು ಕೂತಿದ್ದರು. ಮಾವ ಕುರ್ಚಿಯ ಅಂಚಿಗೆ ಬಂದಿದ್ದ. ಪಕ್ಕದಲ್ಲಿ ಅವನ ಮಗಳು. ಲಕೋಟೆ ಹರಿಯುವ ನಟಿ ಕಲಿಸಿಕೊಟ್ಟ ಹಾಗೆ ತಡೆದಳು, ಕಾಗದ ನೋಡಿದಳು, ನಕ್ಕಳು. ಆ ತಡೆಯಲ್ಲೇ ಮಾವ ಅರ್ಧ ಎದ್ದ. ಬಲಗೈ ಎಡ ಎದೆಯೊಳಗೆ, ಜೇಬಿಗೆ ಹೋಗಿತ್ತು.

ಓದಿದ ಹೆಸರು ಚಿಕ್ಕ ಧಣಿಯದು.

ಉಳಿದ ಮೂರು ಮುಖಗಳನ್ನು ಅಳಿಸಿ, ಕ್ಯಾಮೆರಾದವರು ಮಾವನೊಬ್ಬನನ್ನೇ ಪರದೆಯ ತುಂಬ ಇಟ್ಟರು. ಮಗಳು ಕೋಟಿನ ಹಿಂದಿನ ಚುಂಗು ಹಿಡಿದು ಕೆಳಗೆ ಎಳೆಯುತ್ತಿದ್ದಳು. ಅವನಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಕೈಯನ್ನು ಜೇಬಿನಿಂದ ಹೊರಗೆಳೆದು, ಅದೇ ಬಗ್ಗಿದ ಭಂಗಿಯಲ್ಲಿ ಚಪ್ಪಾಳೆ ತಟ್ಟತೊಡಗಿದ. ವೇದಿಕೆಯ ನಿರೂಪಕ ಮೈಕಿನಲ್ಲಿ ಕೂಗಿದ: "ಕೂತ್ಕೊಳ್ಳಿ ಸಾರ್, ಗಾಡಿ ಇನ್ನೂ ರೆಡಿ ಆಗಿಲ್ಲ!" ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಬೆವರು ಸುರಿಸಿ ದುಡಿಯುವವರನ್ನು ಕಂಡರೆ ಈ ಸಭೆಗೆ ಬರುವ ನಗು ಬೇರೆ ಯಾವುದಕ್ಕೂ ಬರುವುದಿಲ್ಲ.

ಅಂಗಡಿಯಲ್ಲೂ ಇಸ್ತ್ರಿ ಭಾವನ ಬಾಯಿಂದ ನಗು ಹಾರಿಹೋಯಿತು. ಆಮೇಲೆ ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಟಿವಿಯಲ್ಲಿ ಚಿಕ್ಕ ಧಣಿ ಮೈಗೆ ಬಳಿದ ಬಣ್ಣದಂಥ ಕೋಟಿನಲ್ಲಿ ನಿಂತು, ಓಡುವ ಅಕ್ಷರಗಳನ್ನು ಓದಿಕೊಂಡು, ಈ ಪ್ರಶಸ್ತಿ ಶ್ರಮಜೀವಿಗಳಿಗೆ ಅರ್ಪಣೆ ಎನ್ನುತ್ತಿದ್ದ.

"ನೀನೇ ಅಲ್ವೇನೇ ಅವನಿಗೆ ಹೇಳಿದ್ದು?" ಎಂದಳು ಕಾಜಾ ಚಿಕ್ಕಮ್ಮ ಮೆಲ್ಲಗೆ.

ಉತ್ತರ ಕೊಟ್ಟವನು ಮಾಸ್ಟರ್. "ಅವಳೇನು ಮಾಡ್ತಾಳೆ? ಮಾವನಿಗೇ ಅಂತ ಇದ್ದಿರುತ್ತೆ. ಕೊನೇ ಗಳಿಗೇಲಿ ದೊಡ್ಡ ಧಣಿ ಫೋನು ಮಾಡಿ ಬದಲಾಯಿಸಿರ್ತಾನೆ. ಒಳಜೇಬು ಸುಳ್ಳು ಹೇಳುತ್ತಾ?"

"ಹೌದು, ಹಂಗೇ ಆಗಿರ್ಬೇಕು," ಎಂದ ಭಾವ.

ಜೇಬಕ್ಕ ಎದ್ದು ಮೂಲೆಯ ಪೊರಕೆ ತೆಗೆದುಕೊಂಡಳು. "ಏಯ್, ಇವತ್ತೇ ಬೇಡ ಕಣೇ, ಪಂದ್ಯ ನಾಳೆಯಿಂದ," ಎಂದು ಚಿಕ್ಕಮ್ಮ ತಡೆದರೂ ಕೇಳದೆ ಮೆಷಿನ್ನುಗಳ ಕಾಲಿನ ಸಂದಿಯಿಂದ ದಾರದ ಚೂರುಗಳನ್ನು ಎಳೆದೆಳೆದು ಗುಡಿಸಿದಳು. ಟಿವಿಗೆ ಬೆನ್ನು ಹಾಕಲು ಅದೊಂದೇ ದಾರಿಯಿತ್ತು.

ಮನೆಗೆ ಬಂದರೆ ಮಗಳು ತಟ್ಟೆಯ ಮುಂದೆ ಕೂತು ಮೊಬೈಲು ನೋಡಿ ನಗುತ್ತಿದ್ದಳು. "ಅಮ್ಮ, ಇಲ್ನೋಡು, ಈ ತಾತನ್ನ!" ಅರ್ಧ ಏಳುವುದು, ಕೈ ಜೇಬಿಗೆ ಹೋಗುವುದು, ಕೂರುವುದು. ಮತ್ತೆ ಏಳುವುದು, ಕೂರುವುದು. ಯಾರೋ ಅದನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ, ಕಪ್ಪೆ ವಟಗುಟ್ಟುವ ಸದ್ದು ಸೇರಿಸಿದ್ದರು.

"ಆರಿಸು ಅದನ್ನ."

"ಯಾಕಮ್ಮ? ಎಲ್ರೂ ಕಳಿಸ್ತಿದಾರೆ. ಪಾಪ, ತನಗೇ ಬಂತು ಅಂದ್ಕೊಂಡ್ಬಿಟ್ಟ. ಯಾರು ಹೇಳಿದ್ರೋ ಇವನಿಗೆ!"

"ಆರಿಸು ಅಂದ್ನಲ್ಲ!"

ಮಗಳು ಬೆಚ್ಚಿ ಮೊಬೈಲು ಕವುಚಿಟ್ಟಳು. ತಾಯಿ ಈಚೆಗೆ ಹೀಗೆ ಕಿರುಚಿದ್ದನ್ನು ಅವಳು ಕಂಡಿರಲಿಲ್ಲ.

ಆಮೇಲೆ ಜೇಬಕ್ಕ ಎರಡು ಸಲ ಮಾವನ ಮನೆಯಿದ್ದ ಓಣಿಯವರೆಗೆ ಹೋದಳು. ಮೊದಲ ಸಲ ನಲ್ಲಿಯ ಹತ್ತಿರದಿಂದ ವಾಪಸು ಬಂದಳು. ಎರಡನೇ ಸಲ ಬಾಗಿಲು ಕಾಣುವಷ್ಟು ಹತ್ತಿರ ಹೋದಳು. ಹಗ್ಗದ ಮೇಲೆ ಅವನ ಮಗಳ ಬಟ್ಟೆಗಳ ನಡುವೆ ಆ ಕೋಟು, ತೋಳು ಅಗಲಿಸಿ, ಒಳಮೈ ಹೊರಗಾಗಿ ಒಣಗುತ್ತಿತ್ತು. ಎಡಗಡೆ ರೇಷ್ಮೆಯ ಜೇಬು ನಾಲಗೆ ಚಾಚಿದ ಹಾಗೆ ಹೊರಬಿದ್ದಿತ್ತು. ಅವಳು ಅಲ್ಲಿಂದಲೇ ತಿರುಗಿದಳು.

ಕೊನೆಗೆ ಮಾವನೇ ಬಂದ. ಮಧ್ಯಾಹ್ನದ ಹೊತ್ತು, ಮಾಸ್ಟರ್ ಹೊರಗೆ ಹೋಗಿದ್ದ. ಬಾಗಿಲ ಚೌಕಟ್ಟು ಹಿಡಿದು ಉಸಿರು ಹದಕ್ಕೆ ಬರುವವರೆಗೆ ನಿಂತು, ಕೈಚೀಲದಿಂದ ಕೋಟು ತೆಗೆದು ಮೇಜಿನ ಮೇಲೆ ಹರಡಿದ.

"ಇಂಥದ್ದೇ ಇನ್ನೊಂದು ಬೇಕು ತಾಯಿ. ಕಂಪನಿಯೋರದ್ದೇ ಖರ್ಚು."

"ಇನ್ನೊಂದಾ?" ಭಾವ ಒಳಗಿನಿಂದ ಬಂದ. "ಏನ್ ಮಾವ, ಮದುವೆ ಗಿದುವೆ?"

"ಪಾತ್ರ ಸಿಕ್ಕಿದೆ ಕಣೋ. ಕಾಮಿಡಿ ಪಿಕ್ಚರು. ಅದರಲ್ಲೊಂದು ಪ್ರಶಸ್ತಿ ಸಮಾರಂಭ. ನಾನು ಅರ್ಧ ಏಳಬೇಕಂತೆ, ಕೂರ್ಬೇಕಂತೆ. ಕೂತಾಗ ಮೇಲಿಂದ ಚಹಾ ಚೆಲ್ತಾರೆ. ಎರಡೆರಡು ಸಲ ತೆಗೀಬೇಕಲ್ಲ, ಅದಕ್ಕೆ ಎರಡು ಕೋಟು."

"ಮಾತು?"

"ಮಾತೆಲ್ಲಿ? ಮೊದಲು ಒಂದು ಮಾತಾದ್ರೂ ಇತ್ತು." ಮಾವ ನಕ್ಕ. ಭಾವನಿಗೂ ನಗಬೇಕಾಯಿತು. ಒಳಗೆ ಪೆಟ್ಟಿಗೆ ಕಾಯುತ್ತಿದೆಯೆಂದು ಅವನು ಜಾರಿಕೊಂಡ.

ಜೇಬಕ್ಕ ಕೋಟಿನ ತೋಳನ್ನು ಸುಮ್ಮನೆ ಸವರುತ್ತಿದ್ದಳು. "ಮಾವ," ಎಂದಳು. "ಅವತ್ತು ನಾನು ನಿಮಗೆ ಹೇಳಿದ್ನಲ್ಲ, ಅದು..."

"ಗೊತ್ತು ಬಿಡಮ್ಮ." ಅವನು ಕೈಯೆತ್ತಿ ತಡೆದ. "ನಿನ್ನ ಮಾತೇನೂ ಸುಳ್ಳಲ್ಲ. ಮಾಸ್ಟರ್ ಎಲ್ಲಾ ಹೇಳ್ದ. ನನಗೇ ಅಂತ ಇತ್ತು, ಕೊನೇಲಿ ಬದಲಾಯಿಸಿದ್ರು. ಮಗಳಿಗೂ ಅದನ್ನೇ ಹೇಳಿದೀನಿ. ಆಫೀಸಲ್ಲಿ ಎಲ್ರೂ ಅವಳ ಮುಂದೆ ಆಡ್ಕೊಂಡು ನಗ್ತಾರಂತೆ. ಹೇಳಿದೆ: ನಗೋರು ನಗ್ಲಿ, ನಿಮ್ಮಪ್ಪನಿಗೆ ಬಂದಿದ್ದು ಕಿತ್ಕೊಂಡ್ರು ಕಣೇ ಅಂತ. ಅಷ್ಟು ಸಾಕು ನನಗೆ. ಬಂದಿತ್ತಲ್ಲ."

ಅವಳ ನಾಲಗೆಯ ತುದಿಗೆ ಬಂದಿದ್ದು ಅಲ್ಲೇ ನಿಂತಿತು. ನಿಂತದ್ದಕ್ಕೆ ಒಳಗೆಲ್ಲೋ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ಕಿವಿಗಳು ಕಾದ ಪೆಟ್ಟಿಗೆಯಷ್ಟು ಬಿಸಿಯಾದವು.

"ಒಂದೇ ಬೇಜಾರು," ಎಂದ ಮಾವ. "ಆ ಲೈಟಿನ ಹುಡುಗನ ಅಕ್ಕನ್ನ ಹುಡುಕಿದೆ. ಕಣ್ಣು ಸರಿಯಾಗಿ ಕಾಣಲ್ಲ ಅವಳಿಗೆ. ಟಿವಿ ಹಾಕ್ಕೊಂಡು ಕೇಳು, ನಿನ್ನ ತಮ್ಮನ ಹೆಸರು ಹೇಳ್ತೀನಿ ಅಂದಿದ್ದೆ. ಪಕ್ಕದ ಮನೆಯೋರ ಟಿವಿ ಮುಂದೆ ಕೂತಿದ್ಲಂತೆ, ಕೊನೇವರ್ಗೂ. ಎಲ್ರೂ ಯಾಕೆ ನಗ್ತಿದಾರೆ ಅಂತ ಕೇಳಿದ್ಲಂತೆ." ಅವನು ಕಿಟಕಿಯತ್ತ ನೋಡಿದ. "ಹೆಸರು ಇನ್ನೂ ಬಾಯಲ್ಲೇ ಇದೆ ತಾಯಿ."

ಎರಡನೇ ಕೋಟಿನ ಜೇಬನ್ನು ಅವಳು ಮೂರು ಸಲ ಬಿಚ್ಚಿ ಹೊಲಿದಳು. ಅಷ್ಟು ವರ್ಷದ ಕೈ ಮೂಲೆಗೆ ಬಂದಾಗಲೆಲ್ಲ ಸೊಟ್ಟಗೆ ಹೋಗುತ್ತಿತ್ತು. "ಏನಾಗಿದೆ ನಿನಗೆ?" ಎಂದು ಮಾಸ್ಟರ್ ಗದರಿದ. ಬೈಗುಳ ಮತ್ತೆ ಶುರುವಾಗಿತ್ತು. ಅದು ಅವಳಿಗೆ ಬೇಕಾಗಿಯೂ ಇತ್ತು.

ಟ್ರಯಲ್ಲಿಗೆ ಮಾವ ಕನ್ನಡಿಯ ಮುಂದೆ ನಿಂತ. ಮಾಸ್ಟರ್ ಹಳೆಯ ಕೋಟಿನ ಪಕ್ಕ ಹೊಸದನ್ನು ಹಿಡಿದು ತಾಳೆ ನೋಡಿ ಸರಿಯೆಂದು ತಲೆಯಾಡಿಸಿದ. ಭಾವ, ಚಿಕ್ಕಮ್ಮ ಇಬ್ಬರೂ ಬಂದು ನಿಂತಿದ್ದರು.

"ಜೇಬಿನ ಎತ್ತರ ಇಷ್ಟೇ ಇರ್ಲಾ ಮಾವ?" ಎಂದಳು ಜೇಬಕ್ಕ, ಅವನ ಮುಖ ನೋಡದೆ.

"ಇರ್ಲಿ, ಇರ್ಲಿ. ಕೈ ಅಲ್ಲಿಗೇ ಹೋಗ್ಬೇಕಲ್ಲ. ಎಲ್ಲಿ, ಆ ಸ್ಟೂಲು ಕೊಡು. ಒಂದ್ಸಲ ಮಾಡ್ತೀನಿ, ನೋಡಿ ಹೇಳು. ನೀವೆಲ್ಲ ಟಿವಿಯಲ್ಲಿ ನೋಡಿದೀರಲ್ಲ, ನನಗೆ ನಾನು ಹೆಂಗ್ ಕಂಡೆ ಅಂತ ಗೊತ್ತಿಲ್ಲ. ಡೈರೆಕ್ಟ್ರು ಅಚ್ಚು ಅದೇ ಥರ ಬರ್ಬೇಕು ಅಂದವ್ನೆ."

ಅವನು ಸ್ಟೂಲಿನ ಅಂಚಿಗೆ ಕೂತ. ಕಣ್ಣು ಮುಚ್ಚಿ ತೆರೆದ. ಮುಖದಲ್ಲಿ ಒಳಗಿನಿಂದ ಅದೇ ಬೆಳಕು ಮೇಲೇರಿ ಬಂತು. ಇದೇ ಕನ್ನಡಿಯ ಮುಂದೆ ಅವಳೇ ಹೊತ್ತಿಸಿದ್ದ ಬೆಳಕು, ಅಷ್ಟೇ ನಿಜವಾಗಿ. ಅವನು ಅರ್ಧ ಎದ್ದ. ಬಲಗೈ ಎದೆಯೊಳಗೆ ಹೋಯಿತು. ಹೋದ ಬೆರಳುಗಳು ಬಟ್ಟೆಯ ಮೇಲೆ ಅತ್ತಿತ್ತ ತಡಕಾಡಿದವು.

"ಇದೇನಮ್ಮ, ಒಳಗೇ ಹೋಗ್ತಿಲ್ಲ?"

"ಬಾಯಿ ಹೊಲಿದಿದೆ ಮಾವ," ಎಂದ ಭಾವ. "ಕೈಗೆ ಕೊಡೋವರ್ಗೂ ಬಿಚ್ಚಂಗಿಲ್ಲ, ಅಂಗಡಿ ರೂಲು."

"ಅವತ್ತು ಬಿಚ್ಚಿ ಕೊಟ್ಟಿದ್ಲಲ್ಲಪ್ಪಾ ಈ ತಾಯಿ."

ಮಾವ ಅರ್ಧ ಎದ್ದವನು ಹಾಗೇ, ಮೊಣಕಾಲು ಬಗ್ಗಿಸಿಕೊಂಡು, ಕೋಟಿನ ಅಂಚನ್ನು ಎತ್ತಿ ಹಿಡಿದು ಕಾಯುತ್ತಿದ್ದ. ಜೇಬಕ್ಕ ಚಿಕ್ಕ ಕತ್ತರಿ ತೆಗೆದುಕೊಂಡು ಹತ್ತಿರ ಹೋದಳು. ಹೊಲಿಗೆ ಕಾಣಬೇಕಾದರೆ ತಲೆಯನ್ನು ಅವನ ಎದೆಯವರೆಗೆ ಬಗ್ಗಿಸಬೇಕಿತ್ತು. ಬಗ್ಗಿಸಿದಳು. ಬಟ್ಟೆಯ ಆಚೆ ಅವನ ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತ ಏರಿಳಿಯುತ್ತಿತ್ತು. ಅವಳು ಕತ್ತರಿಯ ತುದಿಯನ್ನು ದಾರದ ಕೆಳಗೆ ತೂರಿಸಿ, ಒಂದೊಂದೇ ಹೊಲಿಗೆ ಕತ್ತರಿಸತೊಡಗಿದಳು.